ಪದಚರ್ಚೆ: ‘ಅರಾಜಕ’ ಮನೆಗೆ ಒಗ್ಗುವ ಕನ್ನಡ ಉಂಟೇ?

ಬಳಗದ ಎಲ್ಲರಿಗೂ ಉಡುಪಿಯಿಂದ ನಮಸ್ಕಾರ.

ತಿಂಗಳಿಗೊಮ್ಮೆ ಏಳೆಂಟು ಮಂದಿ ಸೇರಿ ಓದುವ ನಮ್ಮ ಸಣ್ಣ ಕೂಟಕ್ಕಾಗಿ ಅನಾರ್ಕಿಸಂ (ಆಳುವವರೇ ಬೇಡ ಎನ್ನುವ ವಾದ) ಕುರಿತ ಒಂದು ಉದ್ದನೆಯ ಬರಹವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಿದ್ದಿದೆ. ಬರಹದ ಅರ್ಧ ರಾಜಕೀಯ, ಇನ್ನರ್ಧ ದಿನದ ಬದುಕು: ಮನೆ, ಮಕ್ಕಳು, ನೌಕರಿ, ಗೆಳೆತನ, ಇವುಗಳಲ್ಲಿ ಯಾರೂ ಯಾರ ಮೇಲೂ ಸವಾರಿ ಮಾಡದೆ ಇರುವುದು ಹೇಗೆ ಎಂಬುದು. ರಾಜಕೀಯದ ಭಾಗ ಸಲೀಸಾಗಿ ಬಂತು. ಅರಾಜಕತಾವಾದ, ಪ್ರಭುತ್ವ, ವಿಕೇಂದ್ರೀಕರಣ ಎಲ್ಲ ಪತ್ರಿಕೆಯ ಕನ್ನಡದಲ್ಲಿ ತಯಾರಾಗಿ ನಿಂತಿವೆ. ಎಡವಿದ್ದು ಮನೆಯ ಭಾಗದಲ್ಲಿ.

‘ಒಳ್ಳೆಯ ಮನೆ ಅರಾಜಕವಾಗಿರುತ್ತದೆ’ ಎಂಬ ವಾಕ್ಯವನ್ನು ಹೇಗೆ ಕೇಳಿಸುತ್ತದೆ ನೋಡೋಣ ಎಂದು ಗಟ್ಟಿಯಾಗಿ ಓದಿದೆ. ದೊಡ್ಡಮ್ಮ ಹಸಿಮೆಣಸಿನ ತೊಟ್ಟು ತೆಗೆಯುತ್ತಾ ಕೂತಿದ್ದರು. ಪತ್ರಿಕೆ, ಚಾರ್ಜರು, ಒಣಗಿಸಿ ತಂದು ಮಡಚದೆ ಬಿಟ್ಟ ಬಟ್ಟೆಯ ರಾಶಿಯ ಮೇಲೆ ಒಮ್ಮೆ ಕಣ್ಣಾಡಿಸಿ, ‘ನಮ್ಮದು ಮೂವತ್ತು ವರ್ಷದಿಂದ ಹಾಗೇ ಉಂಟಲ್ಲ ಮಾರಾಯ್ತಿ, ಅದಕ್ಕೆ ಪುಸ್ತಕ ಬೇಕಾ?’ ಅಂದರು.

ಅಲ್ಲಿಗೆ ಪೆನ್ನು ನಿಂತದ್ದು ಇನ್ನೂ ಮುಂದೆ ಹೋಗಿಲ್ಲ.

ಅನುವಾದ ತಪ್ಪಿದೆ ಎನ್ನುವಂತಿಲ್ಲ. ಗ್ರೀಕಿನಲ್ಲಿ ‘ಅನ್’ ಎಂದರೆ ಇಲ್ಲ, ‘ಅರ್ಖೋಸ್’ ಎಂದರೆ ಆಳುವವ. ನಮ್ಮ ‘ಅ-ರಾಜಕ’ ಅದರದೇ ಅಚ್ಚು. ಅಷ್ಟೇ ಅಲ್ಲ, ಎರಡರದ್ದೂ ಹಣೆಬರಹ ಒಂದೇ. ಅಲ್ಲಿಯೂ ಅದು ಶತಮಾನಗಳ ಕಾಲ ಬೈಗುಳವಾಗಿತ್ತು. 1840ರಲ್ಲಿ ಫ್ರಾನ್ಸಿನ ಚಿಂತಕ ಪ್ರೂಧೋಂ ಆಸ್ತಿಯ ಬಗ್ಗೆ ಬರೆದ ಪುಸ್ತಕದಲ್ಲಿ ‘ನಾನು ಅನಾರ್ಕಿಸ್ಟ್’ ಎಂದು ಆ ಬೈಗುಳವನ್ನು ತಾನಾಗಿ ಹೆಗಲಿಗೇರಿಸಿಕೊಂಡ. ನಮ್ಮಲ್ಲಿ ಹಾಗೆ ಹೆಗಲಿಗೇರಿಸಿಕೊಂಡು ಉಳಿಸಿಕೊಂಡವರು ಕಡಿಮೆ. ಬ್ರಿಟಿಷರು ‘ಅನಾರ್ಕಿಸ್ಟ್’ ಎಂದರೆ ಬಾಂಬು ಎಸೆಯುವವರೆಂದೇ ತಿಳಿದಿದ್ದರು. ನಾವು ರೌಲತ್ ಕಾಯ್ದೆ ಎನ್ನುವ 1919ರ ಕಾನೂನಿನ ಅಸಲಿ ಹೆಸರೇ ‘ಅರಾಜಕ ಮತ್ತು ಕ್ರಾಂತಿಕಾರಿ ಅಪರಾಧಗಳ ಕಾಯ್ದೆ’. ಅದಕ್ಕೆ ಮೂರು ವರ್ಷ ಮೊದಲು, 1916ರ ಫೆಬ್ರವರಿಯಲ್ಲಿ, ಕಾಶಿಯ ವಿಶ್ವವಿದ್ಯಾಲಯದ ಸಮಾರಂಭದಲ್ಲಿ ಒಡವೆ ಹೇರಿಕೊಂಡ ಮಹಾರಾಜರ ಎದುರೇ ಗಾಂಧಿ ‘ನಾನೂ ಅನಾರ್ಕಿಸ್ಟೇ, ಆದರೆ ಬೇರೆ ಬಗೆಯವನು’ ಅಂದದ್ದುಂಟು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಎಚ್ಚರಿಸಿದ್ದು ‘ಅರಾಜಕತೆಯ ವ್ಯಾಕರಣ’ದ ಬಗ್ಗೆ, ಸಂವಿಧಾನದ ದಾರಿ ತೆರೆದಿರುವಾಗ ಸತ್ಯಾಗ್ರಹ, ಅಸಹಕಾರಗಳನ್ನೂ ಕೈಬಿಡಬೇಕು ಎಂಬುದು ಅವರ ಮಾತು. ಕೊನೆಗೆ 2014ರ ಜನವರಿಯಲ್ಲಿ ದೆಹಲಿಯ ಮುಖ್ಯಮಂತ್ರಿ ಧರಣಿ ಕೂತು ‘ಹೌದು, ನಾನು ಅರಾಜಕ’ ಅಂದಾಗ ಟೀವಿಯವರಿಗೆ ನಾಲ್ಕು ದಿನ ಹಬ್ಬವಾಯಿತು. ಪದಕ್ಕೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ಆದರೆ ಪದದ ಮೇಲಿನ ಈ ಮಸಿಗೆ ಬ್ರಿಟಿಷರನ್ನು ದೂರಿ ಫಲವಿಲ್ಲ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡ, 67ನೆಯ ಸರ್ಗ ತೆಗೆದು ನೋಡಿ. ದಶರಥ ತೀರಿಕೊಂಡಿದ್ದಾನೆ, ರಾಮ ಕಾಡಿನಲ್ಲಿ, ಭರತ ಊರಲ್ಲಿಲ್ಲ. ಋಷಿಗಳು ಸೇರಿ ‘ನಾರಾಜಕೇ ಜನಪದೇ’ ಎಂದು ಶ್ಲೋಕದ ಮೇಲೆ ಶ್ಲೋಕ ಹೇಳುತ್ತಾರೆ. ಅರಸನಿಲ್ಲದ ನಾಡಿನಲ್ಲಿ ಮಳೆ ಬಾರದು, ಬೀಜ ಬಿತ್ತಲಾಗದು, ಯಾರದೂ ಯಾರಿಗೂ ಸ್ವಂತವಾಗಿರದು, ಜನ ಮೀನಿನ ಹಾಗೆ ಒಬ್ಬರನ್ನೊಬ್ಬರು ತಿನ್ನುತ್ತಾರೆ. ನಡುವೆ ಒಂದು ಸಾಲು ಬರುತ್ತದೆ, ನನ್ನ ಅನುವಾದಕ್ಕೆ ಬೇಕಾದ್ದು ಅದೇ: ‘ನಾರಾಜಕೇ ಪಿತುಃ ಪುತ್ರೋ ಭಾರ್ಯಾ ವಾ ವರ್ತತೇ ವಶೇ.’ ಅರಸನಿಲ್ಲದಲ್ಲಿ ಮಗ ತಂದೆಯ ವಶದಲ್ಲಿರುವುದಿಲ್ಲ, ಹೆಂಡತಿ ಗಂಡನ ವಶದಲ್ಲಿರುವುದಿಲ್ಲ! ಸಿಂಹಾಸನಕ್ಕೂ ಅಡುಗೆಮನೆಗೂ ಇರುವ ನಂಟು ಯುರೋಪಿನವರು ಕಂಡುಹಿಡಿದದ್ದು ಎಂದುಕೊಂಡಿದ್ದೆ. ಋಷಿಗಳು ಭಯದಿಂದ ಹೇಳಿದ್ದನ್ನೇ ಇವರು ಆಸೆಯಿಂದ ಹೇಳಿದರು ಅಷ್ಟೆ.

ಮಹಾಭಾರತದಲ್ಲಿ ಇದಕ್ಕೆ ಎದುರುಮಾತೂ ಉಂಟು. ಶಾಂತಿಪರ್ವದಲ್ಲಿ ಭೀಷ್ಮ ಧರ್ಮರಾಯನಿಗೆ ಮೊದಲ ಕಾಲದ ಕತೆ ಹೇಳುತ್ತಾನೆ: ಆಗ ರಾಜ್ಯವಿರಲಿಲ್ಲ, ರಾಜನಿರಲಿಲ್ಲ, ದಂಡವಿಲ್ಲ, ದಂಡಿಸುವವನಿಲ್ಲ, ಪ್ರಜೆಗಳು ಧರ್ಮದಿಂದಲೇ ಒಬ್ಬರನ್ನೊಬ್ಬರು ಕಾಯುತ್ತಿದ್ದರು. ಆಮೇಲೆ ಮೋಹ ಬಂತು, ಲೋಭ ಬಂತು, ಹಿಂದೆಯೇ ರಾಜ ಬಂದ. ಸಂಗತಿ ಇಷ್ಟು ಚೆಂದ ಇದ್ದರೂ ಆ ಬಗೆಯ ಬದುಕಿಗೊಂದು ಹೆಸರು ಮಾತ್ರ ಭೀಷ್ಮ ಕೊಟ್ಟು ಹೋಗಲಿಲ್ಲ. ಕೊಟ್ಟಿದ್ದರೆ ನನಗೆ ಈ ಪತ್ರದ ಖರ್ಚು ಉಳಿಯುತ್ತಿತ್ತು.

ಮೀನಿನ ಮಾತು ಬಂತಲ್ಲ, ಒಂದು ಅಡ್ಡಮಾತು. ಮಲ್ಪೆಯಿಂದ ಮೀನು ತರುವ ಹೆಂಗಸು ನಮ್ಮ ಜಗಲಿಯಲ್ಲಿ ಎರಡು ನಿಮಿಷ ಕೂರುವುದುಂಟು. ‘ಮತ್ಸ್ಯನ್ಯಾಯ’ ಎಂದರೆ ಹೀಗೆ, ದೊಡ್ಡ ಮೀನು ಸಣ್ಣದನ್ನು ನುಂಗುವುದು ಎಂದು ವಿವರಿಸಿದೆ. ಆಕೆ ನಕ್ಕುಬಿಟ್ಟಳು. ‘ಯಾರಕ್ಕ ಬರೆದದ್ದು ಅದು? ಬೂತಾಯಿ ಬೂತಾಯಿಯನ್ನು ತಿನ್ನುತ್ತದಾ? ಅವು ಹಿಂಡಾಗಿ ಹೋಗುವುದು ತಿನ್ನುವವರಿಂದ ತಪ್ಪಿಸಿಕೊಳ್ಳಲಿಕ್ಕೆ.’ 1902ರಲ್ಲಿ ರಷ್ಯಾದ ಅನಾರ್ಕಿಸ್ಟ್ ಕ್ರೊಪೊಟ್ಕಿನ್ ಸೈಬೀರಿಯಾದ ಪ್ರಾಣಿಗಳನ್ನು ಸಾಕ್ಷಿಗೆ ಕರೆದು ಒಂದಿಡೀ ಪುಸ್ತಕದಲ್ಲಿ ಮಾಡಿದ ವಾದದ ತಿರುಳು ಇದೇ: ಬದುಕುಳಿಯಲು ಒಂದೇ ಜಾತಿಯೊಳಗಿನ ಕಚ್ಚಾಟಕ್ಕಿಂತ ಕೈಹಿಡಿಯುವಿಕೆ ದೊಡ್ಡ ಬಲ. ಆಕೆ ಬುಟ್ಟಿ ಎತ್ತುವಷ್ಟರಲ್ಲಿ ಹೇಳಿ ಮುಗಿಸಿದಳು.

ಬೇರೆ ಪದಗಳನ್ನು ನೋಡಿದೆ. ವಿನೋಬಾ ‘ಶಾಸನಮುಕ್ತ’ ಎಂಬ ಮಾತು ಬಳಸುತ್ತಿದ್ದರು, ರಾಜನೀತಿಗೆ ಎದುರಾಗಿ ‘ಲೋಕನೀತಿ’ ಎನ್ನುತ್ತಿದ್ದರು. ಹಿಂದಿಗೆ ಸರಿ. ಕನ್ನಡದಲ್ಲಿ ಶಾಸನ ಎಂದರೆ ಮೊದಲು ನೆನಪಾಗುವುದು ಕಲ್ಲು. ‘ಶಾಸನಮುಕ್ತ ಗ್ರಾಮ’ ಎಂದು ಬಾರಕೂರಿನಲ್ಲಿ ಹೇಳಿದರೆ ಕಲ್ಲು ಯಾರು ಹೊತ್ತುಕೊಂಡು ಹೋದರು ಎಂದು ಕೇಳಿಯಾರು. ‘ಸ್ವೇಚ್ಛೆ’ಗೆ ಬಾಲವಾಗಿ ‘ಆಚಾರ’ ಅಂಟಿಕೊಂಡು ಅದು ಎಂದೋ ಕೆಟ್ಟಿದೆ. ‘ಸ್ವರಾಜ್ಯ’ದೊಳಗೆ ರಾಜ್ಯ ಕೂತಿದೆ. ‘ರಾಜಕೀಯ’ವೇ ರಾಜನಿಗೆ ಸೇರಿದ್ದು ಎಂಬ ಪದ ಆದ್ದರಿಂದ ‘ಅರಾಜಕ ರಾಜಕೀಯ’ ಎಂದು ಬರೆದಾಗ ನನಗೇ ನಗು ಬಂತು. ಅಚ್ಚಗನ್ನಡಕ್ಕೆ ಹೋಗೋಣವೆಂದರೆ ‘ಆಳು’ ಇನ್ನೂ ತಮಾಷೆ. ಕ್ರಿಯಾಪದವಾದರೆ ಒಡೆತನ, ನಾಮಪದವಾದರೆ ಕೂಲಿ. ಇದೇ ಉದ್ಯಾವರ, ಬಾರಕೂರುಗಳಿಂದ ತುಳುನಾಡನ್ನು ಆಳಿದವರು ಆಳುಪರು. ಗದ್ದೆಗೆ ಬರುವವರೂ ಆಳುಗಳು. ‘ಆಳಿಲ್ಲದ ಮನೆ’ ಎಂದರೆ ಆಳುವವರಿಲ್ಲದ್ದೋ, ಕೆಲಸದವರಿಲ್ಲದ್ದೋ? ಎರಡೂ ಇಲ್ಲದಿರುವುದೇ ಇವರ ತತ್ವ ನಿಜ, ಆದರೆ ಓದುಗರಿಗೆ ಹೊಳೆಯುವುದು ಪಾಳುಬಿದ್ದ ಮನೆ.

ಸ್ವಾತಂತ್ರ್ಯವೇ ದೊಡ್ಡದು ಎನ್ನುವವರಿಗೆ ಇರುವ ‘ಲಿಬರ್ಟೇರಿಯನ್’ ಎಂಬ ಪದ ಇನ್ನೊಂದು ತೊಡಕು. ಇದರ ರಾಜಕೀಯ ಅರ್ಥಕ್ಕೆ ಮೂಲವಾದ ಫ್ರೆಂಚ್ ಪದ ‘ಲಿಬರ್ಟೇರ್’ ಹುಟ್ಟಿದ್ದು ಮನೆಯ ಜಗಳದಲ್ಲೇ ಎನ್ನಬಹುದು. ಸರಕಾರ ಬೇಡ ಎಂದ ಪ್ರೂಧೋಂಗೆ ಹೆಂಗಸರ ಮೇಲೆ ಗಂಡಸರ ಯಜಮಾನಿಕೆ ಮಾತ್ರ ಬೇಕಾಗಿತ್ತು. 1857ರಲ್ಲಿ ಇನ್ನೊಬ್ಬ ಫ್ರೆಂಚ್ ಅನಾರ್ಕಿಸ್ಟ್ ಜೋಸೆಫ್ ದೆಜಾಕ್ ಅವನಿಗೆ ಬಹಿರಂಗ ಪತ್ರ ಬರೆದು, ನೀನು ಅರೆ ಅನಾರ್ಕಿಸ್ಟ್, ‘ಲಿಬರ್ಟೇರ್’ ಅಲ್ಲ ಎಂದು ಝಾಡಿಸಿದ. ಮುಂದಿನ ವರ್ಷ ನ್ಯೂಯಾರ್ಕಿನಿಂದ ಅದೇ ಹೆಸರಿನ ಪತ್ರಿಕೆಯನ್ನೂ ಹೊರಡಿಸಿದ. 1893-94ರಲ್ಲಿ ಫ್ರಾನ್ಸ್ ಅನಾರ್ಕಿಸ್ಟ್ ಪ್ರಚಾರವನ್ನು ನಿಷೇಧಿಸಿದ ಮೇಲೆ ಆ ಪದ ಮರೆಯ ಹೆಸರಾಗಿ ಹಬ್ಬಿತು. ಇಪ್ಪತ್ತನೆಯ ಶತಮಾನದ ನಡುವೆ ಅಮೆರಿಕದಲ್ಲಿ ಅದನ್ನೇ ಮುಕ್ತ ಮಾರುಕಟ್ಟೆಯವರು ಎತ್ತಿಕೊಂಡರು, 1971ರಲ್ಲಿ ಆ ಹೆಸರಿನ ಪಕ್ಷವೂ ಆಯಿತು. ನಮ್ಮ ಮುಂಬಯಿಯಿಂದಲೂ ಐವತ್ತು-ಅರವತ್ತರ ದಶಕದಲ್ಲಿ ‘ಇಂಡಿಯನ್ ಲಿಬರ್ಟೇರಿಯನ್’ ಎಂಬ ಪತ್ರಿಕೆ ಬರುತ್ತಿತ್ತು. ಮುಕ್ತ ಆರ್ಥಿಕತೆ, ಸೀಮಿತ ಸರಕಾರ ಅದರ ಘೋಷಣೆ. ಇಂಗ್ಲಿಷನ್ನೇ ದೇಶದ ಸಂಪರ್ಕಭಾಷೆ ಮಾಡಿ ಎಂಬುದು ಜೊತೆಗೆ. ಈ ಬಳಗದಲ್ಲಿ ಅದರ ಚಂದಾದಾರರು ಇದ್ದಿರಲಾರರು! ಒಂದೇ ಪದಕ್ಕೆ ಆಸ್ತಿ ಬೇಡವೆನ್ನುವವರೂ ಆಸ್ತಿಯೇ ಎಲ್ಲ ಎನ್ನುವವರೂ ವಾರಸುದಾರರು. ನಾನು ಇದನ್ನು ಕನ್ನಡಿಸುವ ಹಟ ಬಿಟ್ಟು ‘ಲಿಬರ್ಟೇರಿಯನ್’ ಎಂದೇ ಇಟ್ಟು, ಯಾರು ಆಡಿದ್ದು ಎಂದು ಪಕ್ಕದಲ್ಲಿ ಹೇಳುತ್ತಿದ್ದೇನೆ. ‘ಸ್ವಾತಂತ್ರ್ಯವಾದಿ’ ಎಂದರೆ 1942ರ ಚಳವಳಿಗಾರರು ಎಂದು ತಿಳಿದುಕೊಳ್ಳುತ್ತಾರೆ.

ಈಗ ನನ್ನ ನಿಜವಾದ ಪ್ರಶ್ನೆಗೆ ಬರುತ್ತೇನೆ. ಅಸ್ತವ್ಯಸ್ತವಾದ ಜಾಗಕ್ಕೆ ನಾವು ದಿನಬಳಕೆಯಲ್ಲಿ ‘ಅರಾಜಕ’ ಎನ್ನುವುದಿಲ್ಲ. ‘ಹೇಳುವವರಿಲ್ಲ, ಕೇಳುವವರಿಲ್ಲ’ ಎನ್ನುತ್ತೇವೆ. ತುಳುವಿನಲ್ಲೂ ಹಾಗೆಯೇ: ‘ಪನ್ಪಿನಕುಲು ಇಜ್ಜೆರ್, ಕೇನುನಕುಲು ಇಜ್ಜೆರ್.’ ಬಹಳ ಕಾಲ ಇದನ್ನು ನಾನು ಒಂದೇ ಮಾತೆಂದು ಬಳಸಿದ್ದೇನೆ. ಹಾಗಲ್ಲ. ಹೇಳುವವರು ಬೇರೆ, ಕೇಳುವವರು ಬೇರೆ. ಹೇಳುವವರೆಂದರೆ ಹೀಗೆ ಮಾಡು ಎನ್ನುವವರು. ಕೇಳುವವರೆಂದರೆ ಯಾಕೆ ಮಾಡಿದೆ, ಯಾಕೆ ಮಾಡಲಿಲ್ಲ ಎಂದು ವಿಚಾರಿಸುವವರು. ಎರಡೂ ಇಲ್ಲದಿದ್ದರೆ ಅದು ದೊಡ್ಡಮ್ಮ ಹೇಳಿದ ನಮ್ಮ ಮನೆ. ನಾನು ಅನುವಾದಿಸುತ್ತಿರುವವರು ಬಯಸುವುದು ಹೇಳುವವರು ಇಲ್ಲದ, ಕೇಳುವವರು ಎಲ್ಲರೂ ಆಗಿರುವ ಮನೆಯನ್ನು.

ಅಕ್ಕನ ಮಗ ಮಣಿಪಾಲದಲ್ಲಿ ಇನ್ನು ಮೂವರ ಜೊತೆ ಬಾಡಿಗೆ ಮನೆಯಲ್ಲಿದ್ದಾನೆ. ಅಡುಗೆ, ಕಸ, ಪಾತ್ರೆ ಎಲ್ಲ ಪಾಳಿಯ ಮೇಲೆ. ಯಾರೂ ಲೀಡರಲ್ಲ ಎಂದು ಮೊದಲ ದಿನವೇ ತೀರ್ಮಾನ. ಹೇಗೆ ನಡೆಯುತ್ತಿದೆ ಎಂದು ವಿಚಾರಿಸಿದರೆ, ‘ತೊಳಿ ಅಂತ ಒಬ್ಬನೂ ಹೇಳುವುದಿಲ್ಲ ಚಿಕ್ಕಮ್ಮ. ಯಾಕೆ ತೊಳೆದಿಲ್ಲ ಅಂತ ಮೂವರೂ ಕೇಳುತ್ತಾರೆ. ಅಮ್ಮ ಬೈಯುವುದೇ ಆಗಬಹುದಿತ್ತು’ ಅಂದ. ಪುಸ್ತಕದ ಒಂದು ಅಧ್ಯಾಯ ಉಳಿಯಿತು ನನಗೆ.

‘ಕೇಳು’ ಕ್ರಿಯಾಪದದ ಹರವು ನೋಡಿ. ಕಿವಿಗೊಡುವುದು, ಬೇಡುವುದು, ಪ್ರಶ್ನಿಸುವುದು, ಅನುಮತಿ ಪಡೆಯುವುದು (‘ಕೇಳಿ ತೆಗೆದುಕೋ’). ರಷ್ಯಾದ ಇನ್ನೊಬ್ಬ ಅನಾರ್ಕಿಸ್ಟ್ ಬಕುನಿನ್‌ನದ್ದೊಂದು ಪ್ರಸಿದ್ಧ ಮಾತಿದೆ: ಬೂಟಿನ ವಿಷಯದಲ್ಲಿ ಬೂಟು ಹೊಲಿಯುವವನ ಅಧಿಕಾರಕ್ಕೆ ತಲೆಬಾಗುತ್ತೇನೆ, ಆದರೆ ಅವನನ್ನು ವಿಮರ್ಶಿಸುವ ಹಕ್ಕು ಬಿಟ್ಟುಕೊಡುವುದಿಲ್ಲ ಎಂದು. ಅಲ್ಲಿ ‘ಅಧಿಕಾರ’ ಹಾಕಿದರೆ ತಾಲೂಕು ಕಚೇರಿಯ ವಾಸನೆ. ‘ಬಲ್ಲವನನ್ನು ಕೇಳುತ್ತೇನೆ’ ಎಂದರೆ ಕಿವಿಗೊಡುವುದೂ ಬಂತು, ಎದುರು ಪ್ರಶ್ನೆಯೂ ಬಂತು. ಇಷ್ಟು ಒಳ್ಳೆಯ ಪದ ಸಿಕ್ಕಿತೆಂದು ಹಿಗ್ಗುವಾಗಲೇ ನೆನಪಾಯಿತು: ‘ಮಾತು ಕೇಳುವ ಮಗು’ ಎಂದರೆ ಹೇಳಿದ ಹಾಗೆ ಇರುವ ಮಗು! ಪ್ರಶ್ನಿಸುವುದಕ್ಕೂ ವಿಧೇಯತೆಗೂ ಕನ್ನಡದಲ್ಲಿ ಒಂದೇ ಬಾಯಿ. ಮಕ್ಕಳ ಅಧ್ಯಾಯದಲ್ಲಿ ಇದು ನನ್ನನ್ನು ಮುಳುಗಿಸುತ್ತಿದೆ.

ಎರಡನೆಯ ತೊಡಕು ಕ್ರೊಪೊಟ್ಕಿನ್‌ನ ‘ಮ್ಯೂಚುಯಲ್ ಏಡ್’. ಅದನ್ನು ‘ಪರಸ್ಪರ ಸಹಾಯ’ ಎಂದು ಬರೆದರೆ ಸಹಕಾರಿ ಸಂಘದ ನಾಮಫಲಕ ಕಾಣುತ್ತದೆ. ‘ಮುಯ್ಯಾಳು’ ಚೆನ್ನಾಗಿದೆ: ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಆದರೆ ‘ಮುಯ್ಯಿ’ಯಲ್ಲಿ ಲೆಕ್ಕ ಉಂಟು, ಮದುವೆಮನೆಯ ಉಡುಗೊರೆಯಿಂದ ಹಿಡಿದು ಸೇಡಿನವರೆಗೆ ಎಲ್ಲವನ್ನೂ ‘ಮುಯ್ಯಿ ತೀರಿಸು’ತ್ತೇವೆ. ಕ್ರೊಪೊಟ್ಕಿನ್ ಹೇಳುವುದು ಲೆಕ್ಕ ಇಡದ ಬಗೆ. ‘ಒಡಂಬಡಿಕೆ’ ಹಾಕೋಣವೆಂದರೆ ಮಂಗಳೂರಿನ ಗೆಳತಿ ಫೋನಿನಲ್ಲಿ ‘ಹಳೆಯದಾ ಹೊಸತಾ?’ ಎಂದು ಕೇಳಿದಳು. ಬೈಬಲಿನಿಂದ ಬಿಡಿಸಿಕೊಳ್ಳುವುದು ಅಲ್ಲಿ ಕಷ್ಟ. ನನಗೆ ಆಸೆ ಇರುವುದು ರಂಪಣಿಯ ಮಾತಿನ ಮೇಲೆ. ದಡದಿಂದ ಹತ್ತಾರು ಜನ ಎರಡು ಬದಿಯಲ್ಲಿ ನಿಂತು ಎಳೆಯುವ ಬಲೆ, ಬಂದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. ಎಪ್ಪತ್ತರ ದಶಕದಲ್ಲಿ, ಕಡಲಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟು ಬಂದ ಮೇಲೆ ದೊಡ್ಡ ರಂಪಣಿ ಸೊರಗಿತು, ಕೈರಂಪಣಿ ಈಗಲೂ ಅಲ್ಲಲ್ಲಿ ಉಂಟು. ಅದನ್ನು ಅರಾಜಕ ಸ್ವರ್ಗವೆಂದು ನಾನು ಹೇಳುತ್ತಿಲ್ಲ, ಬಲೆಗೂ ದೋಣಿಗೂ ಬೇರೆ ಪಾಲು, ಊರಿಗೆ ಗುರಿಕಾರ ಎಲ್ಲ ಇದ್ದದ್ದೇ. ಆದರೂ ಹಗ್ಗಕ್ಕೆ ಕೈಹಾಕಿದವನಿಗೆ ಪಾಲುಂಟು ಎಂಬುದಕ್ಕೆ ಅವರಲ್ಲಿ ಒಂದು ಮಾತು ಇದ್ದೇ ಇರಬೇಕು.

ಹಾಗಾಗಿ ಬಲ್ಲವರನ್ನು ಕೇಳುತ್ತೇನೆ. ಮಲ್ಪೆ, ಗಂಗೊಳ್ಳಿ, ಉಳ್ಳಾಲದ ಕಡೆಯವರು: ರಂಪಣಿಯಲ್ಲಿ ಎಳೆದವರ ಪಾಲಿಗೆ, ಹಾಗೆ ಜೊತೆಗೂಡಿ ಎಳೆಯುವುದಕ್ಕೆ ನಿಮ್ಮ ಹಿರಿಯರು ಏನೆನ್ನುತ್ತಿದ್ದರು? ಬೈಂದೂರು, ಕುಂದಾಪುರದವರು: ‘ಮುಯ್ಯಾಳು’ ಇನ್ನೂ ಬಾಯಲ್ಲಿ ಇದೆಯೇ, ಅದಕ್ಕೆ ತುಳುವಿನಲ್ಲಿ ಏನು? ಘಟ್ಟದ ಮೇಲಿನವರು: ‘ಮಾತು ಕೇಳು’ವುದಕ್ಕೆ ವಿಧೇಯತೆಯ ಅರ್ಥ ತಪ್ಪಿಸಿ ಬರಿಯ ಕಿವಿಗೊಡುವುದನ್ನು ಹೇಳುವ ಬಳಕೆ ನಿಮ್ಮಲ್ಲಿ ಉಂಟೇ? ‘ಆಲಿಸು’ ಎನ್ನಬೇಡಿ, ಅದು ರೇಡಿಯೋದವರದ್ದು.

ಕೂಟ ಇರುವುದು ಮುಂದಿನ ತಿಂಗಳ ಎರಡನೆಯ ಭಾನುವಾರ. ಹಸ್ತಪ್ರತಿಯಲ್ಲಿ ಆ ವಾಕ್ಯ ಸದ್ಯಕ್ಕೆ ‘ಒಳ್ಳೆಯ ಮನೆಯಲ್ಲಿ ಹೇಳುವವರಿಲ್ಲ’ ಎಂದು ಪೆನ್ಸಿಲಿನಲ್ಲಿದೆ. ದೊಡ್ಡಮ್ಮನಿಗೆ ಇನ್ನೂ ಓದಿ ಹೇಳಿಲ್ಲ.