ಡಿನೈಯಲ್ ಆಫ್ ಸರ್ವಿಸ್ = ಸೇವೆ ನಿರಾಕರಣೆ? ಬೇರೆ ಪದ ಬೇಕಿತ್ತು

ಎಲ್ರಿಗೂ ನಮಸ್ಕಾರ,

ಕಾಲೇಜು ಲ್ಯಾಬ್‌ಗಳಲ್ಲಿ ನೆಟ್‌ವರ್ಕ್ ನೋಡ್ಕೊಳ್ಳೋರಿಗೆ ಅಂತ ಸ್ಕ್ವಿಡ್ ಪ್ರಾಕ್ಸಿ (ಲ್ಯಾಬಿನ ಕಂಪ್ಯೂಟರುಗಳಿಗೂ ಇಂಟರ್ನೆಟ್ಟಿಗೂ ನಡುವೆ ನಿಂತು ರಿಕ್ವೆಸ್ಟ್ ದಾಟಿಸೋ ಸಾಫ್ಟ್‌ವೇರ್) ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೀತಾ ಇದೀನಿ, ಯಾವ ವರ್ಶನ್‌ನಲ್ಲಿ ಏನು ತೊಂದ್ರೆ ಇದೆ, ಯಾವುದಕ್ಕೆ ಅಪ್‌ಡೇಟ್ ಮಾಡ್ಕೋಬೇಕು ಅಂತ. ಅದರಲ್ಲಿ ಡಿನೈಯಲ್ ಆಫ್ ಸರ್ವಿಸ್ ಅನ್ನೋ ಮಾತು ಪದೇ ಪದೇ ಬರುತ್ತೆ, ಅಂದ್ರೆ ಹೊರಗಿನೋರು ಏನಾದ್ರೂ ಕಳ್ಸಿ ಸರ್ವರ್ ಯಾರಿಗೂ ಕೆಲಸ ಮಾಡದ ಹಾಗೆ ಕೆಡ್ಸೋದು. ಕನ್ನಡದಲ್ಲಿ ಇದಕ್ಕೆ 'ಸೇವೆ ನಿರಾಕರಣೆ' ಅಂತ ಬರೆಯೋದನ್ನ ನೋಡಿದೀನಿ, ಆದ್ರೆ ನಂಗೆ ಅದು ಒಪ್ಪಿಗೆ ಆಗ್ತಿಲ್ಲ.

ನಿರಾಕರಣೆ ಅಂದ್ರೆ ಕೊಡೋಕೆ ಆಗೋ ಸ್ಥಿತೀಲಿ ಇರೋರು ಬೇಕಂತಲೇ ಇಲ್ಲ ಅನ್ನೋದು. ಕೋರ್ಟು ಜಾಮೀನು ನಿರಾಕರಿಸುತ್ತೆ. ಪ್ರಾಕ್ಸೀಲೂ ಇಂಥದ್ದು ನಿಜವಾಗ್ಲೂ ಇದೆ, ನೀವು ಬ್ಲಾಕ್ ಆಗಿರೋ ಸೈಟಿಗೆ ಹೋದ್ರೆ ಸ್ಕ್ವಿಡ್ 'ಆಕ್ಸೆಸ್ ಡಿನೈಡ್' ಅಂತ ಒಂದು ಪುಟ ತೋರ್ಸುತ್ತೆ, ಅದು ಶುದ್ಧ ನಿರಾಕರಣೆ, ಅಡ್ಮಿನ್ ಬರೆದಿಟ್ಟ ನಿಯಮದ ಪ್ರಕಾರ ಪ್ರಾಕ್ಸಿ ತನ್ನ ಕೆಲಸ ಸರಿಯಾಗಿ ಮಾಡಿದೆ ಅಂತ ಅರ್ಥ. ಲ್ಯಾಬಿನೋರಿಗೆ ದಿನಾ ಕಾಣೋದು ಅದೇ. ಈಗ ನಾನು 'ಸೇವೆ ನಿರಾಕರಣೆ ದೌರ್ಬಲ್ಯ' ಅಂತ ಬರೆದ್ರೆ ಅವರು ಯಾವುದೋ ಸೈಟು ತಪ್ಪಾಗಿ ಬ್ಲಾಕ್ ಆಗೋ ಬಗ್ ಇರ್ಬೇಕು ಅಂದ್ಕೋತಾರೆ, ಅಪ್‌ಡೇಟ್ ನಾಳೆ ನೋಡೋಣ ಬಿಡು ಅಂತಾರೆ.

ಆಗೋದು ಏನು ಅಂತ ಒಂದು ಉದಾಹರಣೆ ಹೇಳ್ತೀನಿ. ಸಿವಿಇ-2023-50269 (ಬಯಲಾದ ಭದ್ರತಾ ದೋಷಗಳಿಗೆ ಕೊಡೋ ಗುರುತಿನ ನಂಬರ್ ಇದು). ರಿಕ್ವೆಸ್ಟು ಒಂದು ಪ್ರಾಕ್ಸಿಯಿಂದ ಇನ್ನೊಂದಕ್ಕೆ ಹೋಗೋವಾಗ ಇದು ಯಾರಿಂದ ಬಂತು ಅನ್ನೋ ವಿಳಾಸವನ್ನ ಎಕ್ಸ್-ಫಾರ್ವರ್ಡೆಡ್-ಫಾರ್ ಅನ್ನೋ ಹೆಡರಿಗೆ (ರಿಕ್ವೆಸ್ಟ್ ಜೊತೆ ಹೋಗೋ ಮಾಹಿತಿ ಸಾಲು) ಸೇರಿಸ್ತಾ ಹೋಗ್ತಾರೆ. ಅದನ್ನ ನಂಬು ಅಂತ ಕಾನ್ಫಿಗ್ ಫೈಲಲ್ಲಿ ಹೇಳಿದ್ರೆ ಸ್ಕ್ವಿಡ್ ಆ ಪಟ್ಟಿಯನ್ನ ಕೊನೆಯಿಂದ ಒಂದೊಂದಾಗಿ ಹಿಂದಕ್ಕೆ ಪರೀಕ್ಷೆ ಮಾಡುತ್ತೆ, ಪ್ರತಿ ವಿಳಾಸಕ್ಕೂ ಅದೇ ಫಂಕ್ಷನ್ನು ತನ್ನನ್ನ ತಾನೇ ಮತ್ತೆ ಕರ್ಕೊಳ್ಳುತ್ತೆ, ಎಷ್ಟು ಸಲ ಅನ್ನೋದಕ್ಕೆ ಮಿತೀನೇ ಇರ್ಲಿಲ್ಲ. ಯಾರಾದ್ರೂ ಬೇಕಂತಲೇ ತುಂಬಾ ಉದ್ದದ ಪಟ್ಟಿ ಕಳ್ಸಿದ್ರೆ ಸ್ಟ್ಯಾಕ್ ಮೆಮೊರಿ (ಫಂಕ್ಷನ್ ಕರೆಗಳ ಲೆಕ್ಕ ಇಡೋ ಜಾಗ) ಮುಗ್ದು ಪ್ರೋಸೆಸ್ಸೇ ಸತ್ತೋಗುತ್ತೆ. 6.6ರಲ್ಲಿ ಸರಿ ಮಾಡಿದ್ರು, ಅಪ್‌ಡೇಟ್ ಆಗದೇ ಇರೋರು ಆ ಕಾನ್ಫಿಗ್ ಸಾಲು ತೆಗೆದ್ರೆ ಸದ್ಯಕ್ಕೆ ಸಾಕು. ಇದಾದ್ಮೇಲೆ 2024ರಲ್ಲಿ ಚಂಕ್ಡ್ ಡೇಟಾ (ತುಂಡು ತುಂಡಾಗಿ ಬರೋ ಡೇಟಾ) ಬಿಡಿಸೋ ಕಡೆಯೂ ಇಂಥದ್ದೇ ಒಂದು ಸಿಕ್ತು, ಅದಕ್ಕೆ 6.8 ಬೇಕು. ಇಲ್ಲಿ ನಿರಾಕರಿಸಿದೋರು ಯಾರು ಹೇಳಿ? ಕೊಡೋನೇ ಬಿದ್ದಿದಾನೆ.

ನಂಗೆ ಹೊಳೆದಿದ್ದು 'ಸೇವಾಭಂಗ'. ಶಾಂತಿಭಂಗ, ತಪೋಭಂಗ, ನಿದ್ರಾಭಂಗ ಎಲ್ಲದರಲ್ಲೂ ನಡೀತಾ ಇದ್ದದ್ದನ್ನ ಹೊರಗಿನೋರು ಬಂದು ಕೆಡ್ಸಿದ್ರು ಅನ್ನೋ ಭಾವ ಇದೆ, ನಮಗೆ ಬೇಕಾಗಿರೋದೂ ಅದೇ. ಭಂಗ ಅಂದ್ರೆ ಬೇರೆ ಏನೋ ನೆನಪಾಗುತ್ತೆ ಅಂತ ಒಬ್ಬ ಗೆಳೆಯರು ಅಂದ್ರು, ಶಾಂತಿಭಂಗ ಪೊಲೀಸ್ ಪ್ರಕಟಣೆಗಳಲ್ಲೇ ಸಲೀಸಾಗಿ ಓಡಾಡೋವಾಗ ಇದಕ್ಕೇನು ಅಡ್ಡಿ ಅಂತ ನನ್ನ ವಾದ.

ಆಮೇಲೆ ವಲ್ನರಬಿಲಿಟಿ, ಅಂದ್ರೆ ದಾಳಿಗೆ ದಾರಿ ಮಾಡಿಕೊಡೋ ದೋಷ. ದೌರ್ಬಲ್ಯ ಅಂದ್ರೆ ಒಟ್ಟಾರೆ ನಿಶ್ಶಕ್ತಿ ಅನ್ಸುತ್ತೆ. ಕಂಡಿ ಅನ್ನೋಣ ಅಂದ್ರೆ ಇಲ್ಲಿ ಯಾರೂ ಒಳಗೆ ನುಗ್ಗೋದೇ ಇಲ್ಲ, ಡೇಟಾ ಕದಿಯೋದೂ ಇಲ್ಲ. 'ಮರ್ಮ' ಆಗ್ಬಹುದಾ? ದುರ್ಯೋಧನನ ತೊಡೆ ಥರ, ಉಳಿದದ್ದೆಲ್ಲ ಗಟ್ಟಿ, ಅಲ್ಲಿಗೆ ಒಂದೇ ಏಟು ಸಾಕು. ಗುಟ್ಟು ಅನ್ನೋ ಅರ್ಥವೂ ಇರೋದ್ರಿಂದ ಗೊಂದಲ ಆಗುತ್ತಾ ಅಂತ ಸಣ್ಣ ಅನುಮಾನ ಇದೆ.

ಇನ್ನೊಂದು ತೊಡಕು, ಇಂಗ್ಲಿಷಿನೋರು ಎರಡು ಬೇರೆ ಬೇರೆ ಸಂಗತಿಗೆ ಒಂದೇ ಹೆಸರಿಟ್ಟಿದಾರೆ. 2023ರ ಅಕ್ಟೋಬರ್‌ನಲ್ಲಿ ಬಯಲಾದ ಎಚ್‌ಟಿಟಿಪಿ/2 ರ‍್ಯಾಪಿಡ್ ರೀಸೆಟ್ ದಾಳೀಲಿ ಗೂಗಲ್ ಲೆಕ್ಕದಲ್ಲಿ ಸೆಕೆಂಡಿಗೆ 39.8 ಕೋಟಿ ರಿಕ್ವೆಸ್ಟ್ ಬಂದಿತ್ತು, ಅದು ಪ್ರವಾಹ. ಮೇಲಿನ ಸ್ಕ್ವಿಡ್ ಕತೇಲಿ ಒಂದೇ ಒಂದು ಕೆಟ್ಟ ರಿಕ್ವೆಸ್ಟ್. ಎರಡಕ್ಕೂ ಸೇವಾಭಂಗ ಅಂದು, ಮೊದಲನೇದಕ್ಕೆ ಮಾತ್ರ 'ದಟ್ಟಣೆ ದಾಳಿ' ಅಂತ ಬೇರೆ ಕರೆದ್ರೆ ಹೇಗೆ? ಮೊದಲನೇದಕ್ಕೆ ಬ್ಯಾಂಡ್‌ವಿಡ್ತು, ಫಿಲ್ಟರು ಬೇಕು, ಎರಡನೇದಕ್ಕೆ ಪೂರ್ತಿ ಪರಿಹಾರ ಅಂದ್ರೆ ಪ್ಯಾಚೇ, ಹಾಗಾಗಿ ಓದೋರಿಗೆ ಈ ವ್ಯತ್ಯಾಸ ಹೆಸರಲ್ಲೇ ಗೊತ್ತಾಗ್ಬೇಕು.

ಸೇವಾಭಂಗ, ಮರ್ಮ, ದಟ್ಟಣೆ ದಾಳಿ, ಈ ಮೂರರ ಬಗ್ಗೆ ನಿಮ್ಮ ಅಭಿಪ್ರಾಯ ಬರೀರಿ, ಇದಕ್ಕಿಂತ ಒಳ್ಳೇದು ಯಾರಾದ್ರೂ ಬಳಸ್ತಾ ಇದ್ರೆ ಅದನ್ನೇ ತಗೋತೀನಿ. ಹಾಗೇ ಫಂಕ್ಷನ್ನು ತನ್ನನ್ನೇ ಕರೆಯೋ ರಿಕರ್ಶನ್‌ಗೆ ಪಾಠ ಮಾಡೋ ಮೇಷ್ಟ್ರುಗಳು ಕ್ಲಾಸಲ್ಲಿ ಏನಂತೀರಿ? ಪುನರಾವರ್ತನೆ ಅಂದ್ರೆ ಬರೀ ಲೂಪ್ ಅಂತ ಆಗುತ್ತೆ, ಅದೊಂದು ಬೇಡ.