ದಿನಾ ಕುಡಿಯುವ ಅಣ್ಣನಿಗೆ ಹೆಪಟೈಟಿಸ್ ಸಿ: ಯಾವ ರಿಪೋರ್ಟ್ ನಂಬಲಿ?

ಪ್ರಶ್ನೆ (ಅಂಕೋಲಾ): ನಮಸ್ಕಾರ ಡಾಕ್ಟ್ರೇ. ಅಣ್ಣನಿಗೆ 52 ವರ್ಷ. ಕಾರವಾರದ ಬೈತಖೋಲದಲ್ಲಿ ಬೋಟಿಗೆ ಹೋಗುತ್ತಾನೆ. ಹದಿನೈದು ವರ್ಷದಿಂದ ದಿನಾ ಕುಡಿತ. ಈಗ ಹೆಪಟೈಟಿಸ್ ಸಿ ಬಂದಿದೆ, ಆರ್‌ಎನ್‌ಎ ಪರೀಕ್ಷೆಯಲ್ಲೂ ವೈರಸ್ ಸಿಕ್ಕಿದೆ. ರಕ್ತದಲ್ಲಿ ಲಿವರ್ ಕಿಣ್ವಗಳಾದ ಎಎಸ್‌ಟಿ 148, ಎಎಲ್‌ಟಿ 64, ಪ್ಲೇಟ್‌ಲೆಟ್ 1.6 ಲಕ್ಷ. ಫಿಬ್-4 ಲೆಕ್ಕ 6 ಬಂತು, ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು) ಇರಬಹುದು ಎಂದರು. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಲಿವರ್‌ನಲ್ಲಿ ಕೊಬ್ಬು ಎಂದಷ್ಟೇ ಇದೆ. ಅತ್ತಿಗೆ ಸರಿಯಾಗಿ ಊಟವನ್ನೇ ಮಾಡುತ್ತಿಲ್ಲ.

ಉತ್ತರ: ಅತ್ತಿಗೆಗೆ ಮೊದಲು ಊಟ ಮಾಡಲು ಹೇಳಿ ತಂಗಿ. ಆ 6 ಒಂದನ್ನೇ ನೋಡಿ ಸಿರೋಸಿಸ್ ಅನ್ನುವ ಹಾಗಿಲ್ಲ.

ಫಿಬ್-4 ವಯಸ್ಸು, ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್ ಸೇರಿಸಿ ಮಾಡುವ ಲೆಕ್ಕ. ಹೆಪಟೈಟಿಸ್ ಸಿಯಲ್ಲಿ 3.25 ದಾಟಿದರೆ ಲಿವರ್ ಜಾಸ್ತಿ ಗಟ್ಟಿಯಾಗಿರಬಹುದು ಎಂಬ ಅನುಮಾನ. ಆದರೆ ಕುಡಿತ ಎಎಸ್‌ಟಿಯನ್ನು ಏರಿಸುವಷ್ಟು ಎಎಲ್‌ಟಿಯನ್ನು ಏರಿಸುವುದಿಲ್ಲ. ಅಣ್ಣನ ಎಎಸ್‌ಟಿ ಎಎಲ್‌ಟಿಯ ಎರಡು ಪಟ್ಟಿಗಿಂತ ಜಾಸ್ತಿ ಇದೆ ಅಲ್ವಾ? ಉಳಿದದ್ದೆಲ್ಲ ಹಾಗೇ ಇದ್ದು ಎಎಸ್‌ಟಿ ಮಾತ್ರ 60ಕ್ಕೆ ಇಳಿದರೆ ಇದೇ ಲೆಕ್ಕ 2.4 ಆಗುತ್ತದೆ! ಪ್ಲೇಟ್‌ಲೆಟ್ ಕೂಡ ಕುಡಿತದಿಂದಲೇ ಇಳಿಯಬಹುದು.

ಹಾಗಂತ ಸ್ಕ್ಯಾನಿಂಗ್ ನೋಡಿ ಸುಮ್ನೆ ಕೂರಬೇಡಿ. ಶುರುವಿನ ಸಿರೋಸಿಸ್ ಅದರಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ವೈರಸ್ ಮತ್ತು ಕುಡಿತ ಎರಡೂ ಇದ್ದಾಗ ಲಿವರ್ ಬೇಗ ಹಾಳಾಗುತ್ತದೆ.

ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿ. ಸೂಜಿ ಇಲ್ಲ, ನೋವಿಲ್ಲ. ಮೂರು ಗಂಟೆ ಮೊದಲಿಂದ ಏನೂ ತಿನ್ನಬಾರದು. ಹೆಪಟೈಟಿಸ್ ಸಿಯಲ್ಲಿ ಸುಮಾರು 12.5 ಕಿಲೋಪಾಸ್ಕಲ್ ದಾಟಿದರೆ ಸಿರೋಸಿಸ್ ಎಂದು ನೋಡುತ್ತೇವೆ. ಇಲ್ಲೂ ಒಂದು ತೊಡಕಿದೆ. ಕುಡಿದು ಲಿವರ್ ಊದಿಕೊಂಡಿದ್ದರೆ ಅಳತೆ ಜಾಸ್ತಿ ಬರುತ್ತದೆ. ಕಡಿಮೆ ಬಂದರೆ ಬಹುಮಟ್ಟಿಗೆ ನಂಬಬಹುದು. ಜಾಸ್ತಿ ಬಂದರೆ, ಕುಡಿತ ನಿಲ್ಲಿಸಿ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು.

ಪ್ರಶ್ನೆ: ಹಾಗಾದರೆ ಇವತ್ತಿಂದಲೇ ಪೂರ್ತಿ ಬಿಡಿಸಲಾ? ಕುಡಿತ ಬಿಡದೆ ಮಾತ್ರೆ ಕೊಡುವುದಿಲ್ಲ ಎಂದು ಯಾರೋ ಹೇಳಿದರು.

ಉತ್ತರ: ಮನೆಯಲ್ಲಿ ಒಮ್ಮೆಲೇ ಬಿಡಿಸಬೇಡಿ ತಂಗಿ. ದಿನಾ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ನಡುಕ, ಫಿಟ್ಸ್, ಬಡಬಡಿಕೆ ಬರಬಹುದು. ಜೀವಕ್ಕೂ ಅಪಾಯ. ಡಾಕ್ಟರ ಕಣ್ಣೆದುರಲ್ಲೇ ಬಿಡಿಸಬೇಕು.

ಮಾತ್ರೆಗೆ ಮಾತ್ರ ಕಾಯಬೇಡಿ. ಕುಡಿಯುತ್ತಾರೆ ಎಂದು ಹೆಪಟೈಟಿಸ್ ಸಿ ಚಿಕಿತ್ಸೆ ತಡೆಯುವುದು ತಪ್ಪು. ಸಾಮಾನ್ಯವಾಗಿ 12 ವಾರ ಮಾತ್ರೆ, ನೂರರಲ್ಲಿ 90ಕ್ಕೂ ಹೆಚ್ಚು ಜನರಿಗೆ ವಾಸಿಯಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದು ಉಚಿತ. ಕಾರವಾರದ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಮಾತ್ರೆಗೆ ಮೊದಲು ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಲಿ. ಫೈಬ್ರೋಸ್ಕ್ಯಾನ್ ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.