ಹಿತ್ತಲಿಗೆ ನವರಂಗ ಹಕ್ಕಿ ಬರ್ತಿದೆ, ಒಂದು ಫೋಟೋನೂ ಸರಿ ಬರ್ತಿಲ್ಲ, ಏನ್ ಮಾಡ್ಲಿ?

ತೋಟದಮನೆ:
ಎಲ್ರಿಗೂ ನಮಸ್ಕಾರ. ನಮ್ಮನೆ ಶಿವಮೊಗ್ಗ ಜಿಲ್ಲೆ ಸಾಗರದ ಹತ್ರ, ಹಿತ್ತಲು ದಾಟಿದ್ರೆ ಅಡಿಕೆ ತೋಟ. ಪಿಕಳಾರ, ಮಡಿವಾಳ, ಸೂರಕ್ಕಿ ಹಕ್ಕಿಗಳೆಲ್ಲಾ ದಿನಾ ಬರ್ತಾವೆ, ಅವುಗಳ ಫೋಟೋ ತಕ್ಕಮಟ್ಟಿಗೆ ತೆಗೀತೀನಿ. ಆದ್ರೆ ಅಕ್ಟೋಬರ್ ಕೊನೇಲಿ ಒಂದಿನ ಸಂಜೆ ಬಚ್ಚಲ ನೀರು ಹೋಗೋ ಬಾಳೆಬುಡದಲ್ಲಿ ನವರಂಗ ಕಾಣಿಸ್ತು, ಅವತ್ತಿಂದ ಅಲ್ಲೇ ಇದೆ. ಬೆಳಗ್ಗೆ ಬೆಳಕು ಹರಿಯೋ ಹೊತ್ತಿಗೆ ಎರಡೆಳೆ ಸಿಳ್ಳೆ ಹಾಕತ್ತೆ, ಆಮೇಲೆ ಸದ್ದಿಲ್ಲ, ಸಂಜೆ ಆರರ ಹೊತ್ತಿಗೆ ಕೆಳಗಿಳಿದು ಕೊಕ್ಕಲ್ಲಿ ದರಕು (ಉದುರಿದ ಒಣ ಎಲೆ) ಎತ್ತಿ ಎತ್ತಿ ಹಾಕಿ ಹುಳ ಹುಡುಕತ್ತೆ, ಆ ಮೋಟು ಬಾಲ ಮೇಲೆ ಕೆಳಗೆ ಆಡಿಸ್ತಾ ಇರೋವಾಗ ಹೊಟ್ಟೆ ಕೆಳಗಿನ ಕುಂಕುಮದ ಕೆಂಪು ನೋಡಿದ್ರೆ ಒಲೆ ಮೇಲಿನ ಹಾಲೂ ಮರೆತುಹೋಗತ್ತೆ. ನನ್ನ ಹತ್ರ ಇರೋದು 83ಎಕ್ಸ್ ಜೂಮಿನ ಬ್ರಿಡ್ಜ್ ಕ್ಯಾಮೆರಾ, ಲೆನ್ಸ್ ಬದಲಾಯಿಸೋಕೆ ಬರಲ್ಲ. ಅಡಿಗೆಮನೆ ಬಾಗಿಲಲ್ಲಿ ನಿಂತು ಫುಲ್ ಜೂಮ್ ಮಾಡಿ ತೆಗೆದ್ರೆ ಎಲ್ಲಾ ಮಬ್ಬು. ಫ್ಲ್ಯಾಶ್ ಹಾಕ್ಲಾ? ಫೋನಲ್ಲಿ ಅದರ ಕೂಗು ಹಾಕಿದ್ರೆ ಬೆಳಕಿಗೆ ಬರತ್ತೆ ಅಂತ ಒಬ್ರು ಹೇಳಿದ್ರು, ಸರೀನಾ?

ಲೆನ್ಸ್‌ಮರುಳ:
ಅಕ್ಕಾ, ಫುಲ್ ಜೂಮ್ ಬಿಟ್ಬಿಡಿ. ಅಷ್ಟು ಎಳೆದ್ರೆ ಲೆನ್ಸಿಗೆ ಬರೋ ಬೆಳಕು ಕಮ್ಮಿ ಆಗತ್ತೆ, ಕ್ಯಾಮೆರಾ ಶಟರ್ ನಿಧಾನ ಮಾಡತ್ತೆ, ಕೈ ಚೂರು ಅಲುಗಾಡಿದ್ರೂ ಮುಗೀತು. ಜೂಮ್ ಅರ್ಧಕ್ಕಿಳಿಸಿ ನೀವೇ ಹತ್ರ ಹೋಗಿ, ಅಂದ್ರೆ ಅದು ಬರೋಕೆ ಅರ್ಧ ಗಂಟೆ ಮುಂಚೆನೇ ಹೋಗಿ ಕೂತಿರಿ. ಬಚ್ಚಲುಮನೆ ಕಿಟಕಿ ಆ ಕಡೆಗೇ ಇದ್ರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಒಳಗೆ ಲೈಟ್ ಆರಿಸಿ ದಂಡೆ ಮೇಲೆ ಒಂದೆರಡು ಕೇಜಿ ಅಕ್ಕಿ ತುಂಬಿದ ಬಟ್ಟೆ ಚೀಲ ಇಟ್ಟು ಅದರ ಮೇಲೆ ಕ್ಯಾಮೆರಾ ಒತ್ತಿ ಹಿಡೀರಿ. ಶಟರ್ 1/125 ಸೆಕೆಂಡ್, ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) 1600ರ ತನಕ ಬಿಡಿ, ಫೋಟೋ ಸ್ವಲ್ಪ ಕಾಳು ಕಾಳು ಬಂದ್ರೂ ಪರವಾಗಿಲ್ಲ. ನವರಂಗ ನಾಕು ಕುಪ್ಪಳ ಹಾಕಿ ಒಂದು ಕ್ಷಣ ನಿಲ್ಲತ್ತೆ ನೋಡಿ, ಆ ನಿಂತಾಗ ನಾಕೈದು ಒಟ್ಟಿಗೆ ಹೊಡೀರಿ. ಮಬ್ಬುಗತ್ತಲಲ್ಲಿ ಫ್ಲ್ಯಾಶ್ ಬೇಡ ಅಕ್ಕಾ, ಬೆದರಿ ಹೋಗತ್ತೆ.

ಕಾಡುಹಾದಿ:
ಕೂಗು ಮಾತ್ರ ದಯವಿಟ್ಟು ಹಾಕ್ಬೇಡಿ ಮೇಡಂ. ಚಳಿಗಾಲದಲ್ಲಿ ಅದು ಒಂಟಿಯಾಗಿ ಒಂದು ಜಾಗ ಹಿಡ್ಕೊಂಡಿರತ್ತೆ, ಇನ್ನೊಂದು ಕೂಗು ಕೇಳಿದ್ರೆ ತನ್ನ ಜಾಗಕ್ಕೆ ಯಾರೋ ಬಂದ್ರು ಅಂತ ಮೇಯೋದು ಬಿಟ್ಟು ಹುಡುಕಾಡ್ತಾ ಓಡಾಡತ್ತೆ. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಡೆಯಿಂದ ರಾತ್ರಿ ಹೊತ್ತು ಹಾರಿ ಬರೋ ಹಕ್ಕಿ ಅದು, ಏಪ್ರಿಲ್ ಮೇ ಹೊತ್ತಿಗೆ ವಾಪಸ್ ಹೋಗೋಕೂ ಮೈಯಲ್ಲಿ ಶಕ್ತಿ ಬೇಕಲ್ವಾ. ಬಾಳೆಬುಡದ ದರಕು ಗುಡಿಸ್ಬೇಡಿ, ಅದು ಬಂದಿರೋದೇ ಆ ತೇವಕ್ಕೆ, ಅಲ್ಲಿರೋ ಹುಳಕ್ಕೆ. ಮನೇಲಿ ಬೆಕ್ಕಿದ್ರೆ ಸಂಜೆ ಒಳಗೇ ಇರ್ಲಿ. ಹೋದ ವರ್ಷ ನಮ್ಮನೆ ಕಿಟಕಿ ಗಾಜಿಗೆ ಒಂದು ನವರಂಗ ಹೊಡ್ಕೊಂಡು ಬಿತ್ತು, ಕಣ್ಣು ಮುಚ್ಕೊಂಡು ಬಿದ್ದಿತ್ತು, ಹೋಯ್ತು ಅಂದ್ಕೊಂಡ್ವಿ. ನೀರು ಗೀರು ಕುಡಿಸೋಕೆ ಹೋಗದೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ ಕತ್ತಲಲ್ಲಿ ಇಟ್ವಿ, ಒಂದು ಗಂಟೆ ಬಿಟ್ಟು ಒಳಗಿಂದ ಪರಪರ ಸದ್ದು, ತೋಟದಲ್ಲಿ ಮುಚ್ಚಳ ತೆಗೆದಿದ್ದೇ ಹಾರಿ ಹೋಯ್ತು. ಆವತ್ತಿಂದ ಗಾಜಿನ ಹೊರಗೆ ಹಳೇ ಸೊಳ್ಳೆ ಪರದೆ ಕಟ್ಟಿದೀನಿ.

ತೋಟದಮನೆ:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಕೂಗು ಹಾಕಲ್ಲ. ನಿನ್ನೆ ಬಚ್ಚಲುಮನೆ ಕಿಟಕೀಲಿ ಅಕ್ಕಿ ಚೀಲ ಇಟ್ಕೊಂಡು ಐದೂವರೆಗೇ ಕೂತೆ. ನಲವತ್ತು ಚಿಲ್ಲರೆ ಫೋಟೋದಲ್ಲಿ ಎರಡು ಸರಿಯಾಗಿ ಬಂದಿದೆ, ಒಂದ್ರಲ್ಲಿ ಕೊಕ್ಕಿನ ತುದಿಗೆ ಅಂಟಿದ ಹಸಿ ಮಣ್ಣೂ ಕಾಣತ್ತೆ. ಅತ್ತೆಗೆ ತೋರಿಸ್ದೆ. ಇವತ್ತು ಬೆಳಗ್ಗೆ ಅವರು ಹಿತ್ತಲು ಪೂರ್ತಿ ಗುಡಿಸಿ ಬಾಳೆಬುಡ ಹಾಗೇ ಬಿಟ್ಟಿದ್ರು.